ವೈಯಾವೃತ್ತ್ಯವೂ ಕೊನೆಯ ದಿನಗಳ ಆರೈಕೆಯೂ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವ ಊರಿನಲ್ಲಿಯೇ ಆಗಲಿ, ಶ್ರಾವಕರ ಮನೆಯಲ್ಲಿ ಮರಣವೊದಗಿತೆಂದರೆ ಊರಿಗೆ ಊರೇ ನೆರೆಯುತ್ತದೆ. ಅಂಗಡಿಗಳ ಬಾಗಿಲು ಮುಚ್ಚುತ್ತವೆ, ಬೀಗರು ಹೊತ್ತಿಗೆ ಮೊದಲೇ ಬಂದು ಸೇರುತ್ತಾರೆ, ಬಸದಿಯ ಪಂಡಿತರು ಬರುತ್ತಾರೆ. ಮೃತರ ಸ್ಮರಣಾರ್ಥವಾಗಿ ದಾನವನ್ನೂ ಘೋಷಿಸಲಾಗುತ್ತದೆ. ಇದೆಲ್ಲವೂ ಸಮಾಜದ ಒಳ್ಳೆಯ ಲಕ್ಷಣವೇ. ಆದರೆ ಅದೇ ವ್ಯಕ್ತಿಯು ಮರಣಕ್ಕೆ ಮುಂಚಿನ ನಾಲ್ಕೈದು ತಿಂಗಳು ಹಾಸಿಗೆ ಹಿಡಿದು ಮಲಗಿದ್ದಾಗ ಆ ಕೋಣೆಯಲ್ಲಿ ಎಷ್ಟು ಜನರಿದ್ದರು ಎಂದು ಲೆಕ್ಕ ಹಾಕಿದರೆ, ಬಹುತೇಕ ಮನೆಗಳಲ್ಲಿ ಉತ್ತರ ಒಂದೇ: ಒಬ್ಬ ಸೊಸೆ, ಅಥವಾ ಒಬ್ಬ ಮಗಳು, ಇಲ್ಲವೇ ತಾನೇ ಮುಪ್ಪಾದ ಹೆಂಡತಿ. ಸತ್ತ ಮೇಲೆ ನೂರು ಜನ ಬರುವ ಮನೆಗೆ ಸಾಯುವ ಮುನ್ನ ಇಬ್ಬರು ಬಾರದಿರುವುದು ಏಕೆ ಎಂಬುದು ಧರ್ಮವನ್ನು ನಂಬಿದವರು ಕೇಳಿಕೊಳ್ಳಲೇಬೇಕಾದ ಪ್ರಶ್ನೆ.

ಹಿಂದೆ ಪ್ಲೇಗು, ಕಾಲರಾಗಳಿಂದ ಜನ ನಾಲ್ಕಾರು ದಿನಗಳಲ್ಲಿ ತೀರಿಕೊಳ್ಳುತ್ತಿದ್ದರು. ಇಂದು ಅರ್ಬುದ ರೋಗ, ಪಾರ್ಶ್ವವಾಯು, ಮೂತ್ರಪಿಂಡ ಮತ್ತು ಹೃದಯದ ವೈಫಲ್ಯ, ಮರೆವಿನ ರೋಗ, ಇವು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುತ್ತವೆ. ಗೋಕಾಕ ಮತ್ತು ಹುಕ್ಕೇರಿಯ ರೋಗಿಗಳು ಬೆಳಗಾವಿಗೆ, ಹುಬ್ಬಳ್ಳಿಗೆ, ಮಿರಜಿಗೆ, ಕೊಲ್ಲಾಪುರಕ್ಕೆ ಹೋಗುವುದು ಹಳೆಯ ರೂಢಿ. ಬೆಳಗಾವಿಯಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯು ೨೦೨೫ರ ಜನವರಿಯಲ್ಲಿ ರಾಷ್ಟ್ರಪತಿಗಳಿಂದ ಉದ್ಘಾಟನೆಗೊಂಡಿರುವುದು ಈ ಭಾಗಕ್ಕೆ ದೊಡ್ಡ ಅನುಕೂಲ. ಗುಣವಾಗಬಲ್ಲ ರೋಗಕ್ಕೆ ಆಸ್ಪತ್ರೆಯೇ ಆಶ್ರಯ. ಆದರೆ "ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿರಿ" ಎಂಬ ಮಾತು ಕಿವಿಗೆ ಬಿದ್ದ ದಿನದಿಂದ ಆ ಕುಟುಂಬಕ್ಕೆ ದಾರಿ ತೋರಿಸುವವರು ಯಾರೂ ಇರುವುದಿಲ್ಲ. ವಾಸ್ತವದಲ್ಲಿ ಮಾಡುವಂಥದ್ದು ಬಹಳ ಉಳಿದಿರುತ್ತದೆ. ನೋವನ್ನು ಕಡಿಮೆ ಮಾಡುವುದು, ಹಾಸಿಗೆ ಹುಣ್ಣಾಗದಂತೆ ನೋಡಿಕೊಳ್ಳುವುದು, ಬಾಯಿಯನ್ನು ಶುಚಿಯಾಗಿಡುವುದು, ಉಸಿರಾಟದ ಕಷ್ಟವನ್ನು ಹಗುರಗೊಳಿಸುವುದು, ರೋಗಿಯ ಮಾತನ್ನು ಕೇಳುವುದು, ಆರೈಕೆ ಮಾಡುವವರಿಗೆ ಒಂದು ರಾತ್ರಿಯ ನಿದ್ರೆಯನ್ನು ಕೊಡುವುದು. ಈ ಕೆಲಸಗಳಿಗೆ ಒಟ್ಟಾಗಿ ಇಂದು ಉಪಶಮನ ಆರೈಕೆ ಎಂದೂ, ಇದಕ್ಕಾಗಿಯೇ ಇರುವ ಆಶ್ರಯಸ್ಥಾನಕ್ಕೆ ಹಾಸ್ಪೈಸ್ ಎಂದೂ ಹೆಸರು.

ಆಧುನಿಕ ಹಾಸ್ಪೈಸಿನ ಇತಿಹಾಸ ವ್ಯಾಪಾರಸ್ಥರಿಗೂ ಬೋಧಪ್ರದವಾಗಿದೆ. ಲಂಡನ್ನಿನ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ ಮೊದಲು ದಾದಿಯಾಗಿ, ಬಳಿಕ ಆಸ್ಪತ್ರೆಯ ಸಮಾಜಸೇವಕಿಯಾಗಿ, ಕೊನೆಗೆ ವೈದ್ಯೆಯಾಗಿ ಕೆಲಸ ಮಾಡಿದವರು. ೧೯೪೮ರಲ್ಲಿ ಅವರ ಆರೈಕೆಯಲ್ಲಿದ್ದ, ಬಂಧುಬಳಗವಿಲ್ಲದ ಪೋಲೆಂಡಿನ ನಿರಾಶ್ರಿತರೊಬ್ಬರು ಸಾಯುವಾಗ ೫೦೦ ಪೌಂಡುಗಳನ್ನು ಬಿಟ್ಟುಹೋದರು. ಮುಂದೆಂದಾದರೂ ಇಂಥ ರೋಗಿಗಳಿಗಾಗಿ ಒಂದು ಮನೆ ಕಟ್ಟಿದರೆ ಅದರಲ್ಲಿ ತಮ್ಮದೊಂದು ಕಿಟಕಿ ಇರಲಿ ಎಂಬುದು ಅವರ ಇಚ್ಛೆಯಾಗಿತ್ತು. ಆ ಕಿಟಕಿಯ ಸುತ್ತ ಗೋಡೆ ಏಳುವುದಕ್ಕೆ ೧೯ ವರ್ಷ ಹಿಡಿಯಿತು. ೧೯೬೭ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆಯಿತು. ನೋವೆಂಬುದು ದೇಹಕ್ಕಷ್ಟೇ ಸಂಬಂಧಿಸಿದ್ದಲ್ಲ. ಮನಸ್ಸಿನ ಭಯ, ಸಂಸಾರದ ಚಿಂತೆ, ಆತ್ಮದ ಪ್ರಶ್ನೆ ಎಲ್ಲವೂ ಕೂಡಿಯೇ ನೋವಾಗುತ್ತದೆ ಎಂಬ ವಿಚಾರವನ್ನು ವೈದ್ಯಲೋಕಕ್ಕೆ ಒಪ್ಪಿಸಿದವರು ಅವರೇ.

ಭಾರತದಲ್ಲಿ ೧೯೮೬ರಲ್ಲಿ ಮುಂಬಯಿಯ ಶಾಂತಿ ಆವೇದನಾ ಸದನವು ಮೊದಲ ಹಾಸ್ಪೈಸಾಗಿ ಆರಂಭವಾಯಿತು. ೧೯೯೩ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ನಿವಾರಣಾ ಸಂಘವನ್ನು ಸ್ಥಾಪಿಸಿದರು. ನಮ್ಮ ರಾಜ್ಯದಲ್ಲಿ ೧೯೯೪ರಲ್ಲಿ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ರೂಪುಗೊಂಡಿತು. ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆಯೂ ಇಂದಿರಾನಗರದ ರೋಟರಿ ಕ್ಲಬ್ಬೂ ಇದರ ಹಿಂದಿದ್ದವು. ಗಮನಿಸಬೇಕಾದ ಸಂಗತಿಯೆಂದರೆ, ಈ ಟ್ರಸ್ಟು ಮೊದಲು ಕಟ್ಟಡ ಕಟ್ಟಲಿಲ್ಲ. ೧೯೯೫ರಲ್ಲಿ ರೋಗಿಗಳ ಮನೆಮನೆಗೆ ಹೋಗಿ ಆರೈಕೆ ಮಾಡುವ ಕೆಲಸವನ್ನು ಮೊದಲು ಕೈಗೊಂಡಿತು. "ಕರುಣಾಶ್ರಯ"ದ ಕಟ್ಟಡದಲ್ಲಿ ರೋಗಿಗಳನ್ನು ಸೇರಿಸಿಕೊಂಡದ್ದು ೧೯೯೯ರಲ್ಲಿ. ಅಲ್ಲಿ ರೋಗಿಗಳಿಂದ ಹಣ ಪಡೆಯುವುದಿಲ್ಲ. ಮೊದಲು ಸೇವೆ, ಆಮೇಲೆ ಗೋಡೆ ಎಂಬ ಈ ಕ್ರಮವನ್ನು ದೇವಸ್ಥಾನ ಸಮಿತಿಗಳು ನೆನಪಿನಲ್ಲಿಡುವುದು ಒಳ್ಳೆಯದು.

ಇದು ಪರದೇಶದಿಂದ ಬಂದ ವಿಚಾರ, ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಶಾಸ್ತ್ರವನ್ನು ಓದಿದವರು ಹೀಗೆ ಕೇಳಲಾರರು. ತತ್ತ್ವಾರ್ಥಸೂತ್ರವು ಆರು ಆಭ್ಯಂತರ ತಪಗಳಲ್ಲಿ ವೈಯಾವೃತ್ತ್ಯವನ್ನು ಎಣಿಸಿದೆ. ಉಪವಾಸವು ಬಾಹ್ಯತಪವಾದರೆ ರೋಗಿಯ ಸೇವೆ ಆಭ್ಯಂತರ ತಪ. ಯಾರಿಗೆ ಸೇವೆ ಸಲ್ಲಬೇಕೆಂಬ ಹತ್ತರ ಪಟ್ಟಿಯಲ್ಲಿ "ಗ್ಲಾನ", ಎಂದರೆ ರೋಗದಿಂದ ಬಳಲಿದವನು, ಪ್ರತ್ಯೇಕವಾಗಿಯೇ ಬರುತ್ತಾನೆ. ಆ ಪಟ್ಟಿ ಮುನಿಸಂಘವನ್ನು ಕುರಿತದ್ದು, ಗೃಹಸ್ಥರಿಗೆ ಅನ್ವಯಿಸದು ಎಂಬ ಆಕ್ಷೇಪಕ್ಕೆ ಉತ್ತರವೂ ಇದೆ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಅಭಯದಾನವೂ ಸೇರಿವೆ, ಮತ್ತು ಕರುಣೆಯಿಂದ ಕೊಡುವ ದಾನಕ್ಕೆ ಪಾತ್ರಾಪಾತ್ರದ ವಿಚಾರಣೆ ಇಲ್ಲ. ದುಃಖವೇ ಅಲ್ಲಿ ಅರ್ಹತೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಅಂದರೆ ಹೇಸಿಗೆ ಪಡದಿರುವುದು. ಇದಕ್ಕೆ ಉದಾಹರಣೆಯಾಗಿ ಸಮಂತಭದ್ರಾಚಾರ್ಯರು ಉದ್ದಾಯನ ರಾಜನನ್ನು ಹೆಸರಿಸಿದ್ದಾರೆ. ಕೊಳೆತ ಮೈಯ ಮುನಿಯ ವೇಷದಲ್ಲಿ ಬಂದ ದೇವನು ಉಂಡದ್ದನ್ನೆಲ್ಲ ಕಾರಿದಾಗ ಪರಿವಾರದವರು ದುರ್ಗಂಧ ತಾಳದೆ ಓಡಿದರು. ರಾಜನು ಮಾತ್ರ ತನ್ನ ಕೈಯಿಂದಲೇ ಅದನ್ನು ತೊಳೆದು, ತಾನು ನೀಡಿದ ಆಹಾರದಲ್ಲಿಯೇ ದೋಷವಿರಬೇಕೆಂದು ಮರುಗಿದನು. ಈ ಕಥೆಯನ್ನು ಪ್ರವಚನದಲ್ಲಿ ಕೇಳಿ ತಲೆದೂಗುವುದು ಸುಲಭ. ಬಾಯಿಯ ಅರ್ಬುದದ ಹುಣ್ಣು ವಾಸನೆ ಬರುತ್ತಿರುವ ಕೋಣೆಯಲ್ಲಿ ಅರ್ಧ ಗಂಟೆ ಮುಖ ಸಿಂಡರಿಸದೆ ಕುಳಿತುಕೊಳ್ಳುವುದು ಆ ಕಥೆಯ ಆಚರಣೆ.

ಇನ್ನೂ ವಿಸ್ತಾರವಾದ ಆಧಾರ ಭಗವತೀ ಆರಾಧನೆಯಲ್ಲಿದೆ. ಸಮಾಧಿಮರಣಕ್ಕೆ ಸಿದ್ಧನಾದ ಕ್ಷಪಕನ ಸೇವೆಗೆ ೪೮ ಮಂದಿ ನಿರ್ಯಾಪಕರಿರಬೇಕೆಂದು ಶಿವಾರ್ಯರು ವಿಧಿಸಿದ್ದಾರೆ. ನಾಲ್ವರಂತೆ ಹನ್ನೆರಡು ಕೆಲಸಗಳನ್ನು ಹಂಚಲಾಗಿದೆ. ನಾಲ್ವರು ಮೈಯನ್ನು ಹಿಡಿದು ಏಳಿಸುವುದಕ್ಕೆ, ಹೊರಳಿಸುವುದಕ್ಕೆ. ನಾಲ್ವರು ಧರ್ಮಕಥೆ ಹೇಳುವುದಕ್ಕೆ. ಮಲಮೂತ್ರ ಶುಚಿಗೊಳಿಸುವುದಕ್ಕೆ ನಾಲ್ವರು. ರಾತ್ರಿ ಎಚ್ಚರವಿರುವುದಕ್ಕೆ ನಾಲ್ವರು. ಬಾಗಿಲು ಕಾಯುವುದಕ್ಕೆ, ನೋಡಲು ಬಂದ ಜನರೊಂದಿಗೆ ಮಾತನಾಡುವುದಕ್ಕೆ ಬೇರೆಬೇರೆ ನಾಲ್ವರು. ಕಾಲ ಪ್ರತಿಕೂಲವಾದರೆ ಸಂಖ್ಯೆಯನ್ನು ಕಡಿಮೆ ಮಾಡಿಕೊಳ್ಳಬಹುದು, ಆದರೆ ಇಬ್ಬರಿಗಿಂತ ಕಡಿಮೆಯಾಗಕೂಡದು. ಒಬ್ಬನೇ ಇದ್ದರೆ ಅವನೂ ಕೆಡುತ್ತಾನೆ, ಕ್ಷಪಕನೂ ಕೆಡುತ್ತಾನೆ, ಧರ್ಮಕ್ಕೂ ಹಾನಿ ಎಂಬುದು ಅಲ್ಲಿಯ ಅಭಿಪ್ರಾಯ. ಇಂದಿನ ಹಾಸ್ಪೈಸಿನಲ್ಲಿ ದಾದಿ, ವೈದ್ಯ, ಸಮಾಲೋಚಕ, ರಾತ್ರಿಯ ಸಹಾಯಕ, ಸ್ವಯಂಸೇವಕ ಎಂದು ಕೆಲಸ ಹಂಚಿರುವುದೂ ಇದೇ ತಿಳಿವಳಿಕೆಯಿಂದ. ಶಾಸ್ತ್ರವು ಇಬ್ಬರಾದರೂ ಬೇಕೆಂದ ಸೇವೆಯನ್ನು ಶ್ರಾವಕರ ಮನೆಗಳಲ್ಲಿ ಒಬ್ಬಳೇ ಸೊಸೆಯ ಹೆಗಲಿಗೆ ಹೊರಿಸಲಾಗಿದೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಗ್ರಹಿಸಬೇಕು. ಉಪಶಮನ ಆರೈಕೆ ಸಲ್ಲೇಖನವಲ್ಲ. ಸಲ್ಲೇಖನವು ಗುರುವಿನ ಸನ್ನಿಧಿಯಲ್ಲಿ ಸ್ವಯಂಪ್ರೇರಣೆಯಿಂದ ತೆಗೆದುಕೊಳ್ಳುವ ವ್ರತ. ೨೦೧೫ರ ಆಗಸ್ಟ್ ೧೦ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಅದನ್ನು ಅಪರಾಧವೆಂದು ತೀರ್ಪಿತ್ತಾಗ ದೇಶದ ಜೈನರೆಲ್ಲ ಬೀದಿಗಿಳಿದರು. ಅದೇ ತಿಂಗಳ ೩೧ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ವ್ರತದ ಗೌರವಕ್ಕಾಗಿ ತೋರಿದ ಆ ಒಗ್ಗಟ್ಟು ಮೆಚ್ಚತಕ್ಕದ್ದು. ಆದರೆ ನೋವಿನಿಂದ ಅನ್ನ ಬಿಟ್ಟವನ ಸ್ಥಿತಿಯನ್ನು ವ್ರತವೆಂದು ಕರೆದು ಸಮಾಧಾನ ಪಟ್ಟುಕೊಳ್ಳುವುದು ವ್ರತಕ್ಕೂ ಅನ್ಯಾಯ, ರೋಗಿಗೂ ಅನ್ಯಾಯ. ಸಲ್ಲೇಖನದ ಅತಿಚಾರಗಳಲ್ಲಿ ಮೊದಲೆರಡು ಯಾವುವು? ಬದುಕಬೇಕೆಂಬ ಹಂಬಲ ಒಂದು, ಬೇಗ ಸಾಯಬೇಕೆಂಬ ಹಂಬಲ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯು ಉಪಶಮನ ಆರೈಕೆಯನ್ನು ವಿವರಿಸುವಾಗ, ಅದು ಮರಣವನ್ನು ತ್ವರೆಗೊಳಿಸುವುದೂ ಇಲ್ಲ, ಮುಂದೂಡುವುದೂ ಇಲ್ಲ ಎಂದಿದೆ. ಎರಡು ದಾರಿಗಳು ಬೇರೆಯಾದರೂ ಎರಡೂ ಬಿಡಬೇಕೆನ್ನುವ ಅತಿರೇಕಗಳು ಒಂದೇ. ನೋವು ತಗ್ಗಿದ ಮನಸ್ಸಿನಲ್ಲಿ ಮಾತ್ರ ಣಮೋಕಾರ ನಿಲ್ಲುತ್ತದೆ. ಆರ್ತಧ್ಯಾನದಲ್ಲಿ ನರಳುವವನಿಗೆ ಸಮಾಧಿ ದುರ್ಲಭ.

ನೋವಿನ ಮಾತು ಬಂದಾಗ ಮಾರ್ಫಿನ್ನಿನ ಮಾತು ಬರಲೇಬೇಕು. ಅಫೀಮಿನಿಂದ ತಯಾರಾಗುವ ಔಷಧವೆಂದು ಧಾರ್ಮಿಕ ಮನೆಗಳಲ್ಲಿ ಇದರ ಬಗೆಗೆ ಅಳುಕಿದೆ. ೧೯೮೬ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅರ್ಬುದದ ನೋವಿಗೆ ಮೂರು ಮೆಟ್ಟಿಲುಗಳ ಔಷಧಕ್ರಮವನ್ನು ಪ್ರಕಟಿಸಿತು. ಸಾಧಾರಣ ನೋವಿನ ಮಾತ್ರೆ ಮೊದಲ ಮೆಟ್ಟಿಲು, ಬಾಯಿಂದ ಕೊಡುವ ಮಾರ್ಫಿನ್ ಮೂರನೆಯದು. ವೈದ್ಯರ ನಿಗಾದಲ್ಲಿ ನೋವಿಗೆ ತಕ್ಕಷ್ಟೇ ಕೊಡುವಾಗ ಇದು ಚಟವಾಗುವ ಸಂಭವ ತೀರ ಕಡಿಮೆ. ಮಲಬದ್ಧತೆ ಇದರ ಮುಖ್ಯ ತೊಂದರೆ, ಅದಕ್ಕೆ ಜೊತೆಯಲ್ಲಿಯೇ ಔಷಧ ಕೊಡುತ್ತಾರೆ. ೧೯೮೫ರ ಮಾದಕ ವಸ್ತುಗಳ ಕಾಯಿದೆಯಿಂದಾಗಿ ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗಳು ಅನೇಕ ಪರವಾನಗಿಗಳನ್ನು ಪಡೆಯಬೇಕಾಗಿತ್ತು. ೨೦೧೪ರ ತಿದ್ದುಪಡಿಯು ಇದನ್ನು ಸರಳಗೊಳಿಸಿ, ಮಾನ್ಯತೆ ಪಡೆದ ವೈದ್ಯಸಂಸ್ಥೆಗಳು ಒಂದೇ ವ್ಯವಸ್ಥೆಯಡಿ ಇದನ್ನು ಇಟ್ಟುಕೊಳ್ಳಲು ಅವಕಾಶ ಮಾಡಿತು. ಅಫೀಮನ್ನು ಸರ್ಕಾರದ ಪರವಾನಗಿಯಿಂದಲೇ ಬೆಳೆಯುವ ದೇಶದ ಒಬ್ಬ ರೈತ ಒಂದು ಮಾತ್ರೆಯಿಲ್ಲದೆ ರಾತ್ರಿಯಿಡೀ ಚೀರಬೇಕಾದ ಕಾರಣ ಈಗ ಉಳಿದಿಲ್ಲ.

ರಾತ್ರಿಭೋಜನ ತ್ಯಾಗದ ವ್ರತವುಳ್ಳವರ ಮನೆಗಳಲ್ಲಿ ಇನ್ನೊಂದು ಇಕ್ಕಟ್ಟು ಏಳುತ್ತದೆ. ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದವರು ಏನು ಮಾಡಬೇಕು? ವ್ರತವನ್ನು ವೈದ್ಯರಿಂದ ಮುಚ್ಚಿಡುವುದು ಇದಕ್ಕೆ ಉತ್ತರವಲ್ಲ. ಹನ್ನೆರಡು ಗಂಟೆ ಕೆಲಸ ಮಾಡುವ ಮಾತ್ರೆಗಳಿವೆ. ಚರ್ಮಕ್ಕೆ ಅಂಟಿಸಿ ಮೂರು ದಿನಗಳಿಗೊಮ್ಮೆ ಬದಲಿಸುವ, ಮಾರ್ಫಿನ್ ಜಾತಿಯದೇ ಆದ ಫೆಂಟಾನಿಲ್ ಪಟ್ಟಿಗಳಿವೆ. ರೋಗಿಯ ನಿಯಮವನ್ನು ತಿಳಿದ ವೈದ್ಯರು ವೇಳೆಯನ್ನು ಹೊಂದಿಸಬಲ್ಲರು. ಹೊಂದದಿದ್ದಲ್ಲಿ ವ್ರತ ಕೊಟ್ಟ ಗುರುಗಳ ಬಳಿ ಕೇಳಬಹುದು. ಯಾವುದೇ ಸಂದರ್ಭದಲ್ಲಿ ತೀರ್ಮಾನ ವ್ರತಿಯದು. ಮಕ್ಕಳು ಹಾಲಿನಲ್ಲಿ ಔಷಧ ಬೆರೆಸಿ ಕೊಡುವುದೂ ತಪ್ಪು, ಪುಣ್ಯದ ಆಸೆಯಿಂದ ತಾವೇ ಔಷಧ ನಿಲ್ಲಿಸುವುದೂ ತಪ್ಪು.

ಕೊನೆಯ ದಿನಗಳಲ್ಲಿ ಔಷಧಕ್ಕಿಂತ ಕಠಿಣವಾದ ಪ್ರಶ್ನೆ ಸತ್ಯದ್ದು. ಮೂಡಲಗಿ ಭಾಗದ ಬೆಲ್ಲದ ವ್ಯಾಪಾರಸ್ಥರ ಮನೆಯೊಂದರಲ್ಲಿ ಎಪ್ಪತ್ತು ದಾಟಿದ ತಾಯಿಗೆ ಹೊಟ್ಟೆಯ ಅರ್ಬುದವೆಂದು ತಿಳಿದಾಗ, ಮಕ್ಕಳು ಆಕೆಗೆ ಹೇಳಕೂಡದೆಂದು ನಿಶ್ಚಯಿಸಿದರು. "ಅವ್ವಾ, ಕರುಳಾಗ ಹುಣ್ಣ ಆಗೇತಿ, ಅಷ್ಟ. ಔಷಧ ತಗೊಂಡ್ರ ಆರಾಮ ಆಕ್ಕೈತಿ" ಎಂದು ಹಿರಿಯ ಮಗ ಹೇಳಿದ. ಆಕೆಗೆ ಹುಕ್ಕೇರಿ ತಾಲೂಕಿಗೆ ಕೊಟ್ಟ ತಂಗಿಯೊಬ್ಬಳಿದ್ದಳು. ಹೊಲದ ಪಾಲಿನ ವ್ಯಾಜ್ಯದಿಂದ ಹನ್ನೊಂದು ವರ್ಷ ಇಬ್ಬರೂ ಮಾತು ಬಿಟ್ಟಿದ್ದರು. ದೀಪಾವಳಿಯ ಹೊತ್ತಿಗೆ ತಾಯಿ, ತಂಗಿಯನ್ನು ಕರೆಸಿರೆಂದಳು. ಕರೆಸಿದರೆ ಎಲ್ಲಿ ಅನುಮಾನ ಬಂದೀತೋ ಎಂದು ಮಕ್ಕಳು, "ನೀ ಆರಾಮ ಆದ ಮ್ಯಾಲ ನಾವ ಕರಕೊಂಡ ಹೋಗತೀವಿ" ಎಂದರು. ತಂಗಿ ಬಂದದ್ದು ಅಕ್ಕನ ನಾಲಿಗೆ ಬಿದ್ದುಹೋದ ಮೇಲೆ. ಆಕೆ ಹಾಸಿಗೆಯ ಪಕ್ಕದಲ್ಲಿ ಕೈ ಹಿಡಿದು ಕುಳಿತಳು, ಅಕ್ಕ ಕಣ್ಣು ತೆರೆದು ನೋಡಿದಳು, ಮಾತು ಆಗಲಿಲ್ಲ. ಮೂರನೆಯ ದಿನ ಎಲ್ಲ ಮುಗಿಯಿತು. ಟ್ರಂಕು ತೆರೆದಾಗ ಬಿಳಿಯ ಬಟ್ಟೆಯಲ್ಲಿ ಮೂರು ಗಂಟುಗಳಿದ್ದವು: ಬಸದಿಯ ಅಭಿಷೇಕಕ್ಕೊಂದು, ಮೊಮ್ಮಗಳಿಗೊಂದು, ತಂಗಿಗೆ ಸೀರೆಯ ಸಲುವಾಗಿ ಒಂದು. ಎರಡು ತಿಂಗಳ ಹಿಂದೆ ಈ ಗಂಟುಗಳನ್ನು ಕಟ್ಟುವಾಗ ಸಹಾಯ ಮಾಡಿದ್ದ ಮೊಮ್ಮಗಳು ಹೇಳಿದಳು: "ಆಯಿಗೆ ಎಲ್ಲಾ ಗೊತ್ತಿತ್ತು. ನಿಮಗ ದುಃಖ ಆಕ್ಕೈತಿ ಅಂತ ಹೇಳಬ್ಯಾಡ ಅಂದಿದ್ದಳು."

ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಮಕ್ಕಳು ತಾಯಿಯನ್ನೂ ತಾಯಿ ಮಕ್ಕಳನ್ನೂ ನೋವಿನಿಂದ ಕಾಪಾಡಲು ಹೋಗಿ ಎರಡೂ ಕಡೆ ಸುಳ್ಳಿನ ಗೋಡೆ ಎದ್ದಿತು. ಪರರಿಗೆ ವಿಪತ್ತು ತರುವ ಸತ್ಯವನ್ನೂ ನುಡಿಯಬಾರದೆಂದು ಸತ್ಯಾಣುವ್ರತದ ಲಕ್ಷಣದಲ್ಲಿ ಸಮಂತಭದ್ರರೇ ಹೇಳಿದ್ದಾರಲ್ಲ ಎಂದು ಕೆಲವರು ವಾದಿಸುತ್ತಾರೆ. ವಿಚಾರಿಸಬೇಕಾದದ್ದು ವಿಪತ್ತು ಯಾವುದು ಎಂಬುದನ್ನು. ಜೈನನಿಗೆ ಮರಣವೊಂದೇ ವಿಪತ್ತಲ್ಲ. ಕ್ಷಮೆ ಬೇಡದೆ, ಆಲೋಚನೆ ಮಾಡಿಕೊಳ್ಳದೆ, ಪರಿಗ್ರಹವನ್ನು ಬಿಡದೆ ಮರಣವೊದಗುವುದು ಅದಕ್ಕಿಂತ ದೊಡ್ಡ ವಿಪತ್ತು. ರೋಗವನ್ನು ಮುಚ್ಚಿಡುವುದರಿಂದ ರೋಗಿಯ ಕೈಯಿಂದ ಜಾರುವುದು ಆ ಸಮಯವೇ. ಹಾಗೆಂದು ಕಟುವಾಗಿ ತೀರ್ಪು ಓದಿದಂತೆ ಹೇಳುವುದೂ ಅಹಿಂಸೆಯಲ್ಲ. ಅನುಭವಿಗಳಾದ ಉಪಶಮನ ವೈದ್ಯರ ರೀತಿ ಹೀಗಿದೆ: ರೋಗಿಗೆ ಎಷ್ಟು ತಿಳಿದಿದೆ, ಇನ್ನೆಷ್ಟು ತಿಳಿಯುವ ಇಚ್ಛೆಯಿದೆ ಎಂದು ಮೊದಲು ಕೇಳುತ್ತಾರೆ, ಕೇಳಿದಷ್ಟನ್ನು ಸುಳ್ಳಿಲ್ಲದೆ, ಮೆಲ್ಲಗೆ, ಪಕ್ಕದಲ್ಲಿ ಕುಳಿತು ಹೇಳುತ್ತಾರೆ, ಬೇಡವೆಂದವರಿಗೆ ಒತ್ತಾಯ ಮಾಡುವುದಿಲ್ಲ. ಸತ್ಯಕ್ಕೂ ಅಹಿಂಸೆಗೂ ವಿರೋಧ ಬಾರದ ನಡೆ ಇದು.

ಉಯಿಲು ಬರೆಯುವುದರಲ್ಲಿ ವ್ಯಾಪಾರಸ್ಥರು ಜಾಣರು. ಚಿಕಿತ್ಸೆಯ ಕುರಿತ ಉಯಿಲನ್ನೂ ಈಗ ಬರೆಯಬಹುದು. ೨೦೧೮ರ ಮಾರ್ಚ್ ೯ರಂದು ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಮಾನ್ಯತೆ ನೀಡಿ, ೨೦೨೩ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಕರ್ನಾಟಕ ಸರ್ಕಾರವು ೨೦೨೫ರ ಜನವರಿಯಲ್ಲಿ ಈ ಬಗ್ಗೆ ಸುತ್ತೋಲೆಯನ್ನೂ ಹೊರಡಿಸಿದೆ. ಪ್ರಜ್ಞೆ ತಪ್ಪಿದ ಮೇಲೆ ಯಂತ್ರಗಳ ನಡುವೆ ಉಳಿಯಬೇಕೆ, ಮನೆಯಲ್ಲಿ ಣಮೋಕಾರ ಕೇಳುತ್ತ ಇರಬೇಕೆ ಎಂಬುದನ್ನು ಮುಂದಾಗಿ ಬರೆದಿಟ್ಟರೆ ಮಕ್ಕಳ ಮೇಲೆ ಆ ಭಾರ ಬೀಳದು.

ಇನ್ನು ಸಮಾಜವಾಗಿ ಮಾಡಬಹುದಾದದ್ದು. ಕೇರಳದಲ್ಲಿ ಹಳ್ಳಿಯ ಜನರೇ ಕೂಡಿ ನೆರೆಹೊರೆಯ ಆರೈಕೆ ಜಾಲಗಳನ್ನು ಕಟ್ಟಿದರು. ವಾರಕ್ಕೆ ಎರಡು ಗಂಟೆ ಕೊಡಬಲ್ಲವರಿಗೆ ೧೬ ಗಂಟೆಗಳ ಪಾಠ, ಬಳಿಕ ನಾಲ್ಕು ದಿನ ದಾದಿಯೊಂದಿಗೆ ರೋಗಿಗಳ ಮನೆಗೆ ಹೋಗಿ ಕಲಿಯುವುದು. ಇಷ್ಟೇ ಅಲ್ಲಿಯ ತರಬೇತಿ. ೨೦೦೮ರಲ್ಲಿ ಆ ರಾಜ್ಯದ ಸರ್ಕಾರ ಇದನ್ನು ತನ್ನ ನೀತಿಯಾಗಿ ಸ್ವೀಕರಿಸಿತು. ಅಮೆರಿಕೆಯಲ್ಲಿ ಸರ್ಕಾರದ ವಿಮೆಯಿಂದ ಹಣ ಪಡೆಯುವ ಹಾಸ್ಪೈಸುಗಳು ರೋಗಿಗಳ ಆರೈಕೆಯ ಒಟ್ಟು ವೇಳೆಯಲ್ಲಿ ಶೇಕಡಾ ೫ರಷ್ಟನ್ನಾದರೂ ಸ್ವಯಂಸೇವಕರಿಂದ ಮಾಡಿಸಲೇಬೇಕೆಂಬ ನಿಯಮವಿದೆ. ಹಣದಿಂದಲೇ ಎಲ್ಲವನ್ನೂ ಅಳೆಯುವ ನಾಡೆಂದು ನಾವು ಆಡಿಕೊಳ್ಳುವಲ್ಲಿಯೂ, ಹಣಕ್ಕೆ ಬಾರದ ಸೇವೆಯ ಪಾಲೊಂದು ಇರಲೇಬೇಕೆಂದು ಕಾನೂನು ಹೇಳುತ್ತದೆ.

ಒಟ್ಟುಗೂಡಿ ಕೆಲಸ ಮಾಡುವುದು ಈ ಸೀಮೆಗೆ ಹೊಸದಲ್ಲ. ೧೮೯೯ರಲ್ಲಿ ತವನಿಧಿಯಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಜೈನ ಸಭೆಯು ಹಳ್ಳಿಯ ಹುಡುಗರಿಗೆ ಓದಲು ನೆಲೆಯಿಲ್ಲವೆಂಬುದನ್ನು ಕಂಡು ಬೋರ್ಡಿಂಗುಗಳನ್ನು ತೆರೆಯಿತು. ೧೯೬೯ರಲ್ಲಿ ಹುಕ್ಕೇರಿಯ ರೈತರು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿಕೊಂಡು, ತಮ್ಮ ತಾಲೂಕಿನ ಮನೆಗಳಿಗೆ ತಾವೇ ದೀಪ ತಂದರು. ಆಗಿನ ಕೊರತೆ ಓದಿನದು, ಬೆಳಕಿನದು; ಈಗಿನ ಕೊರತೆ ರೋಗಿಯ ಪಕ್ಕದ ಕುರ್ಚಿಯದು.

ಒಂದೊಂದು ಬಸದಿಯ ಸಮಿತಿಯೂ ಆರಂಭಿಸಬಹುದಾದದ್ದು ಇಷ್ಟು. ಒಂದು ಕಪಾಟಿನಲ್ಲಿ ಎರಡು ಗಾಳಿಯ ಹಾಸಿಗೆ, ಒಂದು ಗಾಲಿಕುರ್ಚಿ, ತಲೆಭಾಗ ಎತ್ತರಿಸುವ ಒಂದು ಮಂಚ, ಮಲಗಿದಲ್ಲಿಯೇ ಬಳಸುವ ಮಲಪಾತ್ರೆಗಳು. ಬೇಕಾದವರು ಒಯ್ದು ಕೆಲಸ ಮುಗಿದ ಮೇಲೆ ತೊಳೆದು ತಂದಿಡಬೇಕು. ತಾಲೂಕಿಗೆ ಒಬ್ಬ ದಾದಿಯ ಸಂಬಳವನ್ನು ನಾಲ್ಕಾರು ಊರುಗಳ ಬಸದಿಗಳು ಹಂಚಿಕೊಳ್ಳಬಹುದು. ಬೆಳಗಾವಿಯ ಆಸ್ಪತ್ರೆಗಳ ತಜ್ಞರನ್ನು ಕರೆಸಿ ಊರಿನ ತರುಣರಿಗೂ ನಿವೃತ್ತ ಶಿಕ್ಷಕರಿಗೂ ಪಾಠ ಹೇಳಿಸಬಹುದು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ರೀತಿ, ಬಾಯಿ ಒರೆಸುವ ರೀತಿ, ಉಣ್ಣಲಾರದವರಿಗೆ ಒತ್ತಾಯದಿಂದ ತುತ್ತಿಡದಿರುವ ವಿವೇಕ, ಉಪದೇಶ ಮಾಡದೆ ಕೇಳುವ ಅಭ್ಯಾಸ. ಮನೆಯ ಗುಟ್ಟು ಹೊರಗೆ ಬಾರದಿರುವುದು ಸ್ವಯಂಸೇವಕರ ಮೊದಲ ನಿಯಮವಾಗಿರಬೇಕು. ಜಾತಿ, ಮತ ಕೇಳಬಾರದು; ಬಸದಿಯ ಕಪಾಟಿನ ಹಾಸಿಗೆ ಪಕ್ಕದ ಓಣಿಯ ಮುಸಲ್ಮಾನರ ಮನೆಗೂ ಹೋಗಬೇಕು, ದಲಿತ ಕೇರಿಗೂ ಹೋಗಬೇಕು.

ಖರ್ಚಿನ ಮಾತನ್ನು ಆಡುವವರು ಸಮಿತಿಯ ಜಮಾಖರ್ಚಿನ ಪುಸ್ತಕವನ್ನು ಒಮ್ಮೆ ತೆರೆದು ನೋಡಲಿ. ಒಂದು ದಿನದ ಮೆರವಣಿಗೆಯ ಮಂಟಪ, ಧ್ವನಿವರ್ಧಕ, ಹೂವಿನ ಲೆಕ್ಕದಲ್ಲಿ ಒಂದು ಕಪಾಟು ತುಂಬುತ್ತದೆ. ಪೂಜೆ ನಿಲ್ಲಿಸಬೇಕೆಂದು ಯಾರೂ ಹೇಳುವುದಿಲ್ಲ. ವರ್ಷದ ಬಜೆಟ್ಟಿನಲ್ಲಿ ಔಷಧದಾನವೆಂಬ ಶಿರೋನಾಮೆಯ ಕೆಳಗೆ ಒಂದು ಮೊತ್ತ ಬರೆಯಲ್ಪಡಲಿ ಎಂಬುದಷ್ಟೇ ಕೋರಿಕೆ. ಮೊತ್ತಕ್ಕಿಂತ ಮೊದಲು ಹೆಸರುಗಳು ಬೇಕು. ಮುಂದಿನ ಸಭೆಯ ಠರಾವಿನಲ್ಲಿ, ಊರಿನಲ್ಲಿ ಈಗ ಹಾಸಿಗೆ ಹಿಡಿದಿರುವವರ ಪಟ್ಟಿಯನ್ನು ಮಾಡಿ, ಪ್ರತಿಯೊಂದು ಹೆಸರಿನ ಮುಂದೆ ವಾರಕ್ಕೆ ಎರಡು ಗಂಟೆ ಹೋಗಿ ಕುಳಿತುಕೊಳ್ಳುವ ಇಬ್ಬರ ಹೆಸರುಗಳನ್ನು ಬರೆಯಬೇಕು. ಒಬ್ಬರ ಹೆಸರು ಸಾಲದು. ಶಿವಾರ್ಯರು ಇಬ್ಬರಿಗಿಂತ ಕಡಿಮೆಗೆ ಒಪ್ಪಲಿಲ್ಲ.